ಮುಖ ತೋರಿಸಿ ದುಡ್ಡು ಕೇಳುವುದು: ಕ್ರೌಡ್‌ಫಂಡಿಂಗ್ ವಿಡಿಯೊ ಕೆಲಸ ಮಾಡುವುದು ಹೇಗೆ?

‘ಕ್ರೌಡ್‌ಫಂಡಿಂಗ್‌ಗೆ ಒಂದು ವಿಡಿಯೊ ಮಾಡ್ತಿದೀವಿ, ಸ್ಕ್ರಿಪ್ಟ್ ಸ್ವಲ್ಪ ನೋಡ್ತೀರಾ?’ ತಿಂಗಳಿಗೆ ಒಂದಾದರೂ ಇಂಥ ಮೆಸೇಜ್ ನನಗೆ ಬರುತ್ತದೆ. ಊರಿನ ಗ್ರಂಥಾಲಯಕ್ಕೆ ಪುಸ್ತಕ, ಕೆಲಸದಿಂದ ತೆಗೆದುಹಾಕಿದ ಕಾರ್ಮಿಕರ ಕೋರ್ಟ್ ಖರ್ಚು, ಅರ್ಧಕ್ಕೆ ನಿಂತ ಸಾಕ್ಷ್ಯಚಿತ್ರ, ಚುನಾವಣೆಗೆ ನಿಂತ ಗೆಳತಿಯ ಕರಪತ್ರ... ಕಾರಣಗಳು ಬೇರೆ ಬೇರೆ. ಸ್ಕ್ರಿಪ್ಟ್ ಮಾತ್ರ ಹೆಚ್ಚುಕಡಿಮೆ ಒಂದೇ. ಮೊದಲು ಡ್ರೋನ್ ಶಾಟ್, ಆಮೇಲೆ ಸಂಸ್ಥೆಯ ಲೋಗೊ, ಆಮೇಲೆ ಅಧ್ಯಕ್ಷರ ಮಾತು, ಹಿನ್ನೆಲೆಯಲ್ಲಿ ಅಳುವ ಪಿಟೀಲು, ಕೊನೆಯಲ್ಲಿ ‘ಉದಾರವಾಗಿ ದೇಣಿಗೆ ನೀಡಿ’. ಇಂಜಿನಿಯರಿಂಗ್ ಕ್ಲಾಸಿನಲ್ಲಿ ಕಲಿತದ್ದರಲ್ಲಿ ನನಗೆ ನೆನಪಿರುವುದು ಕಮ್ಮಿ. ಆದರೆ ಸಿಗ್ನಲ್‌ಗಿಂತ ನಾಯ್ಸ್ ಜಾಸ್ತಿ ಅನ್ನೋದು ಇದಕ್ಕೇ ಅಂತ ಗೊತ್ತಾಗುವಷ್ಟಂತೂ ನೆನಪಿದೆ.

ವಿಡಿಯೊ ಮಾಡುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇದನ್ನು ಯಾರು, ಯಾಕೆ ನಂಬಬೇಕು? 2011ರ ಕೊನೆಯಲ್ಲಿ ಪವನ್ ಕುಮಾರ್ ‘ಲೂಸಿಯಾ’ ಸಿನಿಮಾಕ್ಕೆ ನಿರ್ಮಾಪಕರು ಸಿಗದೆ ತಮ್ಮ ಬ್ಲಾಗ್‌ನಲ್ಲಿ ಚಿತ್ರರಂಗದ ಮೇಲಿನ ಸಿಟ್ಟನ್ನೆಲ್ಲ ಬರೆದುಕೊಂಡರು. ಅಲ್ಲಿಂದ ಶುರುವಾದದ್ದು 27 ದಿನಗಳಲ್ಲಿ 110 ಜನರಿಂದ ಸುಮಾರು 50 ಲಕ್ಷ ರೂಪಾಯಿ ತಂದಿತು. 2013ರಲ್ಲಿ ಆ ಸಿನಿಮಾ ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು. ಗಮನಿಸಿ, ಹೊತ್ತಿಕೊಂಡ ಕಿಡಿ ವಿಡಿಯೊ ಅಲ್ಲ, ಬರಹ. ಆದರೆ ಬರೆದವರು ಅಷ್ಟರಲ್ಲಾಗಲೇ ‘ಲೈಫು ಇಷ್ಟೇನೆ’ ನಿರ್ದೇಶಿಸಿದ್ದರು, ‘ಮನಸಾರೆ’, ‘ಪಂಚರಂಗಿ’ಗಳ ಬರವಣಿಗೆಯಲ್ಲಿದ್ದರು. ಓದುಗರಿಗೆ ಆ ಮನುಷ್ಯ ಗೊತ್ತಿತ್ತು. ನಂಬಿಕೆ ಮೊದಲೇ ಇತ್ತು, ಕೇಳುವುದೊಂದು ಬಾಕಿ ಇತ್ತು.

ಅದಕ್ಕೂ ಹಿಂದೆ, 1976ರಲ್ಲಿ, ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಶ್ಯಾಮ್ ಬೆನೆಗಲ್ ಅವರ ‘ಮಂಥನ್’ ಮಾಡಿಸಿದ್ದರು. ಕೇರಳದಲ್ಲಿ ಜಾನ್ ಅಬ್ರಹಾಂ (ಹಿಂದಿಯ ನಟ ಅಲ್ಲ, ಮಲಯಾಳಂ ನಿರ್ದೇಶಕ) ಮತ್ತು ಅವರ ಒಡೆಸ್ಸಾ ಬಳಗ ಊರೂರು ಸುತ್ತಿ ಜನರಿಂದ ದುಡ್ಡು ಎತ್ತಿ 1986ರಲ್ಲಿ ‘ಅಮ್ಮ ಅರಿಯಾನ್’ ತೆಗೆದರು. ಒಂದು ಕಡೆ ಸಹಕಾರ ಸಂಘ, ಇನ್ನೊಂದು ಕಡೆ ಕಣ್ಣೆದುರಿಗೆ ಬಂದು ನಿಂತ ಜನ. ವಿಡಿಯೊ ಬೇಕಾಗುವುದು ಇವೆರಡೂ ಇಲ್ಲದಾಗ. ನಿಮ್ಮನ್ನು ಬಲ್ಲವರು ಇನ್ನೂರು ಜನ, ದುಡ್ಡು ಬೇಕಾದದ್ದು ಎರಡು ಸಾವಿರ ಜನರಿಂದ ಅಂದಾಗ ಉಳಿದವರ ಮನೆಬಾಗಿಲಿಗೆ ನಿಮ್ಮ ಬದಲು ಅದು ಹೋಗುತ್ತದೆ.

ಹಾಗೆ ಹೋಗಿ ಗೆದ್ದ ವಿಡಿಯೊಗಳಲ್ಲಿ ನಾನು ಮತ್ತೆ ಮತ್ತೆ ನೋಡಿರುವುದು ಅಮೆರಿಕದ್ದು. 2018ರ ಮೇ ಕೊನೆಯಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಎರಡು ನಿಮಿಷದ ಪ್ರಚಾರ ವಿಡಿಯೊ ಬಿಟ್ಟರು. ಎದುರಾಳಿ ಜೋ ಕ್ರೌಲಿ, ತಮ್ಮದೇ ಪಕ್ಷದ, ಹತ್ತು ಬಾರಿ ಗೆದ್ದ ಸಂಸದ. ಡೆಟ್ರಾಯಿಟ್‌ನ ಸಣ್ಣದೊಂದು ತಂಡ ತೆಗೆದ ಈ ವಿಡಿಯೊಗೆ ತಗುಲಿದ್ದು 10 ಸಾವಿರ ಡಾಲರ್‌ಗಿಂತ ಕಡಿಮೆ. ಸ್ಕ್ರಿಪ್ಟ್ ಅವರೇ ಬರೆದದ್ದು. ಅದರಲ್ಲಿ ಇರುವುದೇನು? ಮನೆಯಲ್ಲಿ ಕನ್ನಡಿ ಮುಂದೆ ತಯಾರಾಗುವುದು, ಮೆಟ್ರೊ ಪ್ಲಾಟ್‌ಫಾರ್ಮಿನಲ್ಲಿ ಚಪ್ಪಲಿ ಬದಲಿಸಿಕೊಳ್ಳುವುದು, ಬೀದಿಯಲ್ಲಿ ಜನರ ಜೊತೆ ಮಾತು. ನನ್ನಂಥವರು ಚುನಾವಣೆಗೆ ನಿಲ್ಲುವವರೇ ಅಲ್ಲ ಅನ್ನುವ ಅರ್ಥದ ಮೊದಲ ವಾಕ್ಯ. ಅವರ ಹತ್ರ ದುಡ್ಡಿದೆ, ನಮ್ಮ ಹತ್ರ ಜನ ಇದ್ದಾರೆ ಅನ್ನುವ ತಿರುಳು. ಜೂನ್ 26ರಂದು ಕ್ರೌಲಿ ಸೋತರು.

ಆ ಚಪ್ಪಲಿ ಬದಲಿಸುವ ಶಾಟ್ ನೋಡಿ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ದಿನಾ ಮಾಡುವ ಕೆಲಸ ಅದು, ಮೆಜೆಸ್ಟಿಕ್‌ನಲ್ಲೂ ನೋಡಬಹುದು. ‘ನಾನು ದುಡಿಯುವ ವರ್ಗದವಳು’ ಅಂತ ಹತ್ತು ಸಲ ಹೇಳಿದ್ದರೂ ಅಷ್ಟು ತಲುಪುತ್ತಿರಲಿಲ್ಲ. ನನ್ನ ಹತ್ರ ಬರುವ ಸ್ಕ್ರಿಪ್ಟ್‌ಗಳಲ್ಲಿ ಇಲ್ಲದಿರುವುದು ಇದೇ. ‘ಸಂಸ್ಥೆಯು ಹಲವು ವರ್ಷಗಳಿಂದ ಶಿಕ್ಷಣ ಕ್ಷೇತ್ರದಲ್ಲಿ ಸೇವೆ ಸಲ್ಲಿಸುತ್ತಾ ಬಂದಿದ್ದು’ ಅಂತ ಶುರುವಾದರೆ ಹೆಬ್ಬೆರಳು ಆಗಲೇ ಮುಂದಿನ ರೀಲ್‌ಗೆ ಹೋಗಿರುತ್ತದೆ. ‘ಎಲ್ಲರಿಗೂ ನಮಸ್ಕಾರ’ ಕೂಡ ಬೇಡ. ಒಂದು ಕಪಾಟು, ಅದರಲ್ಲಿ ಇಪ್ಪತ್ತೇ ಪುಸ್ತಕ, ಮುಂದೆ ಸರದಿಯಲ್ಲಿ ಕೂತ ಮಕ್ಕಳು. ಅಲ್ಲಿಂದ ಶುರುಮಾಡಿ.

ಈಗ ಸ್ವಲ್ಪ ಕಷ್ಟದ ವಿಷಯ. 2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಎಂಬ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಜನರ ಕೈಗೆ 5 ಡಾಲರ್ ಕೊಟ್ಟು, ಆಫ್ರಿಕಾದ ಹಸಿವಿಗೆ ಎಷ್ಟು ದಾನ ಕೊಡ್ತೀರಿ ಅಂತ ಕೇಳಿದರು. ಲಕ್ಷಾಂತರ ಜನ ಹಸಿದಿದ್ದಾರೆ ಅನ್ನುವ ಅಂಕಿ-ಅಂಶ ಓದಿದವರು ಕೊಟ್ಟದ್ದು ಸರಾಸರಿ 1.14 ಡಾಲರ್. ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಬಗ್ಗೆ ಓದಿದವರು 2.38 ಡಾಲರ್. ಸರಿ, ಇದು ಊಹಿಸಬಹುದಾದದ್ದೇ. ಆದರೆ ರೋಕಿಯಾ ಕತೆಯ ಜೊತೆಗೆ ಅಂಕಿ-ಅಂಶವನ್ನೂ ಓದಿದವರು? 1.43 ಡಾಲರ್. ಅಂದರೆ ಸಮಸ್ಯೆ ಎಷ್ಟು ದೊಡ್ಡದು ಅಂತ ಹೇಳಿದ್ದಕ್ಕೇ ಕೊಡುವ ಕೈ ಹಿಂದೆ ಸರಿಯಿತು.

ರಾಜಕೀಯವಾಗಿ ಯೋಚಿಸುವವರಿಗೆ ಇದು ನುಂಗಲಾರದ ತುತ್ತು. ನಮಗೆ ಅಭ್ಯಾಸ ಇರುವುದೇ ವ್ಯವಸ್ಥೆಯ ಬಗ್ಗೆ ಮಾತಾಡಿ. ಒಬ್ಬ ಪೌರಕಾರ್ಮಿಕರ ಕತೆ ಅಲ್ಲ ಇದು, ಗುತ್ತಿಗೆ ಪದ್ಧತಿಯ ಕತೆ ಅಂತ ನಾವು ವಾದಿಸುತ್ತೇವೆ. ವಾದ ಸರಿಯಾಗಿಯೇ ಇದೆ. ಆದರೆ ತೊಂಬತ್ತು ಸೆಕೆಂಡಿನ ವಿಡಿಯೊ ಆ ವಾದಕ್ಕೆ ಜಾಗ ಅಲ್ಲ. ವಿಡಿಯೊದಲ್ಲಿ ಒಬ್ಬರನ್ನು ತೋರಿಸಿ, ವ್ಯವಸ್ಥೆಯನ್ನು ಕೆಳಗಿನ ಬರಹದಲ್ಲಿ ವಿವರಿಸಿ ಅನ್ನುವುದು ನನ್ನ ಸಲಹೆ. ಕೊಡಲು ಮನಸ್ಸು ಮಾಡಿದವರು ಅದನ್ನು ಓದುತ್ತಾರೆ.

ಹಾಗಂತ ಒಂದು ಮುಖ ಹುಡುಕಿ ಅಳಿಸಿಬಿಡಿ ಅಂತ ನಾನು ಹೇಳ್ತಿಲ್ಲ. ಯೂಟ್ಯೂಬ್ ತೆರೆದರೆ ಜಾಹೀರಾತಾಗಿ ಬರುವ ಆಸ್ಪತ್ರೆ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಮೂಗಿಗೆ ಟ್ಯೂಬ್ ಹಾಕಿದ ಮಗು, ಕೈಮುಗಿದು ಬಿಕ್ಕುವ ತಾಯಿ. ಅವು ದುಡ್ಡು ತರುತ್ತವೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಮಗು ಬದುಕಿ, ಬೆಳೆದು, ಹೈಸ್ಕೂಲಿಗೆ ಹೋದಾಗಲೂ ಆ ವಿಡಿಯೊ ಅಲ್ಲೇ ಇರುತ್ತದೆ. ತಾಯಿ ಒಪ್ಪಿದ್ದರಲ್ಲ ಅನ್ನಬಹುದು. ಐಸಿಯು ಬಾಗಿಲಲ್ಲಿ ನಿಂತವರ ಒಪ್ಪಿಗೆಗೆ ಎಷ್ಟು ಬೆಲೆ? ಇನ್ನೊಂದು ಲೆಕ್ಕ ಇದೆ, ಅದು ಇನ್ನೂ ಕ್ರೂರ. ಮುದ್ದಾದ ಮುಖ, ಇಂಗ್ಲಿಷ್ ಬಲ್ಲ ಸಂಬಂಧಿಕರು, ಫಾಲೋವರ್ಸ್ ಇರುವ ಗೆಳೆಯರು, ಇವು ಯಾರಿಗಿವೆಯೋ ಅವರ ಗುರಿ ಬೇಗ ತುಂಬುತ್ತದೆ. ಕ್ಯಾಮೆರಾ ಮುಂದೆ ಮಾತು ಹೊರಡದ ಐವತ್ತರ ಕೂಲಿಕಾರನ ಕಿಡ್ನಿಗೆ ವೈರಲ್ ಆಗುವ ಭಾಗ್ಯ ಇಲ್ಲ.

ಇದು ಬರೀ ಖಾಸಗಿ ಪ್ಲಾಟ್‌ಫಾರ್ಮ್‌ಗಳ ಕತೆಯೂ ಅಲ್ಲ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲೇ ಕ್ರೌಡ್‌ಫಂಡಿಂಗ್‌ಗೆ ಜಾಗ ಇದೆ, ಅದಕ್ಕೆಂದೇ ಆರೋಗ್ಯ ಸಚಿವಾಲಯ ಒಂದು ಪೋರ್ಟಲ್ ತೆರೆದಿದೆ. ಸರ್ಕಾರದ ನೆರವಿನ ಮಿತಿ 50 ಲಕ್ಷ ರೂಪಾಯಿ. ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿಗೆ ಕೊಡುವ ಜೀನ್ ಥೆರಪಿಯ ಒಂದು ಡೋಸ್ ಬೆಲೆ ಹಲವು ಕೋಟಿ. ನಡುವಿನ ಅಂತರ ತುಂಬುವುದು ಅಪ್ಪ-ಅಮ್ಮನ ವಿಡಿಯೊ. ಅವರಿಗೆ ‘ಘನತೆ ಕಾಪಾಡಿಕೊಳ್ಳಿ’ ಅಂತ ಉಪದೇಶ ಮಾಡುವ ಹಕ್ಕು ನನಗಿಲ್ಲ. ಆದರೆ ಗ್ರಂಥಾಲಯಕ್ಕೋ ಸಂಘಟನೆಗೋ ವಿಡಿಯೊ ಮಾಡುವ ನಮಗೆ ಆ ಒತ್ತಡ ಇಲ್ಲ. ಹಾಗಾಗಿ ನಾನು ಕೆಲಸ ಮಾಡಿದ ತಂಡಗಳಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಎಡಿಟ್ ಆದ ವಿಡಿಯೊವನ್ನು ಮೊದಲು ಅದರಲ್ಲಿ ಇರುವವರಿಗೆ, ಅವರ ಮನೆಯವರ ಜೊತೆ ಕೂರಿಸಿ ತೋರಿಸುವುದು. ‘ಇದನ್ನು ಅಕ್ಕಪಕ್ಕದ ಮನೆಯವರು ನೋಡಿದ್ರೆ ಪರವಾಗಿಲ್ವಾ?’ ಅಂತ ಕೇಳುವುದು. ಬೇಡ ಅಂದದ್ದನ್ನು ಕತ್ತರಿಸುವುದು. ಒಮ್ಮೆ ಒಬ್ಬ ಗಾರ್ಮೆಂಟ್ ಕೆಲಸಗಾರ್ತಿ ತಾವು ಅತ್ತ ಭಾಗ ತೆಗೆಸಿ, ಸೂಪರ್‌ವೈಸರ್‌ಗೆ ಎದುರು ಮಾತಾಡಿದ್ದನ್ನು ನಗುತ್ತಾ ಹೇಳಿದ ಭಾಗ ಉಳಿಸಿಕೊಂಡರು. ವಿಡಿಯೊ ಚೆನ್ನಾಗಾಯಿತು.

ಇನ್ನು ತೆಗೆಯುವ ಕೆಲಸ. ಕ್ಯಾಮೆರಾ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಈಗಿನ ಫೋನು ಸಾಕು. ಕಿಟಕಿ ಬೆಳಕು ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಬೇಡ. ಖರ್ಚು ಮಾಡಲೇಬೇಕು ಅಂದ್ರೆ ಕಾಲರ್ ಮೈಕ್‌ಗೆ ಮಾಡಿ. ಚಿತ್ರ ಸ್ವಲ್ಪ ಮಸುಕಿದ್ದರೂ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಮುಂದೆ ಹೋಗುತ್ತಾರೆ. ಫ್ಯಾನ್ ಆಫ್ ಮಾಡಿ, ಕುಕ್ಕರ್ ಇಳಿಸಿ. ಬಸ್ಸಿನಲ್ಲಿ, ಆಫೀಸಿನಲ್ಲಿ ಸೌಂಡ್ ಇಲ್ಲದೆ ನೋಡುವವರೂ ಇರುವುದರಿಂದ ಕನ್ನಡ ಮಾತಿಗೂ ಕನ್ನಡದ್ದೇ ಸಬ್‌ಟೈಟಲ್ ಹಾಕಿ. ಮತ್ತೆ, ದಯವಿಟ್ಟು, ಮಾತಾಡುವವರಿಗೆ ಬರೆದುಕೊಟ್ಟು ಓದಿಸಬೇಡಿ. ಕಲಬುರಗಿಯ ಹೆಂಗಸು ಕಲಬುರಗಿಯ ಕನ್ನಡದಲ್ಲೇ ಮಾತಾಡಲಿ. ಪ್ರಶ್ನೆ ಕೇಳಿ, ಉತ್ತರ ಬರುವ ತನಕ ಸುಮ್ಮನಿರಿ. ಒಳ್ಳೆಯ ವಾಕ್ಯ ಸಾಮಾನ್ಯವಾಗಿ ‘ಮುಗೀತಾ?’ ಅಂತ ಅವರು ಕೇಳಿದ ಮೇಲೆ ಬರುತ್ತದೆ, ಅದಕ್ಕೇ ರೆಕಾರ್ಡಿಂಗ್ ತಕ್ಷಣ ನಿಲ್ಲಿಸಬೇಡಿ.

ದುಡ್ಡು ಕೇಳುವಾಗ ನಾಚಿಕೆ ಪಟ್ಟು ಗೊಣಗುವುದು ನಮ್ಮವರ ದೊಡ್ಡ ಸಮಸ್ಯೆ. ‘ಕೈಲಾದಷ್ಟು ಸಹಾಯ ಮಾಡಿ’ ಅಂದರೆ ನೋಡುವವರಿಗೆ ಏನೂ ಅರ್ಥವಾಗುವುದಿಲ್ಲ. ಒಟ್ಟು ಎಷ್ಟು ಬೇಕು, ಯಾವುದಕ್ಕೆ ಎಷ್ಟು, ಯಾವ ತಾರೀಖಿನೊಳಗೆ ಬೇಕು, ಪೂರ್ತಿ ಸೇರದಿದ್ದರೆ ಏನು ಮಾಡುತ್ತೀರಿ, ಜಾಸ್ತಿ ಸೇರಿದರೆ ಏನು ಮಾಡುತ್ತೀರಿ. ಕೊನೆಯ ಎರಡು ಪ್ರಶ್ನೆಗೆ ಉತ್ತರ ಕೊಡುವ ವಿಡಿಯೊ ನಾನು ನೋಡಿದ್ದು ಬಹಳ ಕಡಿಮೆ, ಅದಕ್ಕೇ ಅವು ನೆನಪಲ್ಲಿ ಉಳಿದಿವೆ. ಇನ್ನೊಂದು: 500 ರೂಪಾಯಿಗೆ ಏನಾಗುತ್ತದೆ ಅಂತ ಹೇಳಿ. 4 ಲಕ್ಷದ ಮುಂದೆ ತನ್ನ 500 ಯಾವ ಲೆಕ್ಕ ಅಂತ ವಿದ್ಯಾರ್ಥಿಯೊಬ್ಬ ಸುಮ್ಮನಾಗುತ್ತಾನೆ. ಎರಡು ಮಕ್ಕಳ ಪುಸ್ತಕ ಅಂದರೆ ಕೊಡುತ್ತಾನೆ.

ಕ್ಯುಆರ್ ಕೋಡ್ ವಿಷಯ ತಮಾಷೆಯದು. ಎಲ್ಲರೂ ವಿಡಿಯೊದ ಕೊನೆಯಲ್ಲಿ ದೊಡ್ಡದಾಗಿ ಕೋಡ್ ತೋರಿಸುತ್ತಾರೆ. ನೋಡುವವರು ಫೋನಿನಲ್ಲೇ ನೋಡುತ್ತಿರುತ್ತಾರೆ. ಅದೇ ಫೋನಿನಿಂದ ಅದನ್ನು ಸ್ಕ್ಯಾನ್ ಮಾಡುವುದು ಹೇಗೆ? ಸ್ಕ್ರೀನ್‌ಶಾಟ್ ತೆಗೆದು, ಆ್ಯಪ್ ತೆರೆದು, ಗ್ಯಾಲರಿಯಿಂದ ಹಾಕಬೇಕು. ಅಷ್ಟು ತಾಳ್ಮೆ ಯಾರಿಗಿದೆ? ಕಾಪಿ ಮಾಡಲು ಬರುವಂತೆ ಯುಪಿಐ ಐಡಿಯನ್ನು, ಇಲ್ಲವೇ ಲಿಂಕನ್ನು, ಬರಹದಲ್ಲಿ ಕೊಡಿ. ಕೋಡ್ ಇರಲಿ, ಸಭೆಯಲ್ಲಿ ಪ್ರೊಜೆಕ್ಟರ್ ಮೇಲೆ ಹಾಕಿದಾಗ ಅದು ಕೆಲಸಕ್ಕೆ ಬರುತ್ತದೆ. ಹಣ ಕಳಿಸುವಾಗ ಮೂಡುವ ಖಾತೆದಾರರ ಹೆಸರು ವಿಡಿಯೊದಲ್ಲಿ ಹೇಳಿದ ಹೆಸರಿಗೆ ಹೊಂದುತ್ತದಾ ನೋಡಿಕೊಳ್ಳಿ. ‘ಸಂಘಕ್ಕೆ’ ಅಂತ ಕೇಳಿ, ಗೊತ್ತಿಲ್ಲದ ಯಾರದೋ ಹೆಸರು ಮೂಡಿದರೆ ಮೋಸ ಅಂತಲೇ ಅನಿಸುವುದು, ಅನಿಸಬೇಕು ಕೂಡ.

ಕಾನೂನಿನದೊಂದು ಮಾತು, ಯಾಕಂದ್ರೆ ವಿಡಿಯೊ ಗಡಿ ನೋಡಿ ನಿಲ್ಲುವುದಿಲ್ಲ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010ರ ಪ್ರಕಾರ ಚುನಾವಣಾ ಅಭ್ಯರ್ಥಿಗಳು, ರಾಜಕೀಯ ಪಕ್ಷಗಳು, ಸುದ್ದಿ ಮಾಧ್ಯಮಗಳು ವಿದೇಶಿ ಹಣ ಪಡೆಯುವಂತೆಯೇ ಇಲ್ಲ. ಸಂಘ-ಸಂಸ್ಥೆಗಳಿಗೆ ನೋಂದಣಿ ಬೇಕು, ಜೊತೆಗೆ 2020ರ ತಿದ್ದುಪಡಿಯ ನಂತರ ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈಯಲ್ಲಿ ದುಡಿಯುವ ಮಂಗಳೂರಿನವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ಪಡೆದ ನಿಮ್ಮ ಚಿಕ್ಕಪ್ಪ ಕಳಿಸಿದ್ದು ಹೌದು, ಒಸಿಐ ಕಾರ್ಡ್ ಇದ್ದರೂ. ಯಾರಿಂದ ತೆಗೆದುಕೊಳ್ಳುತ್ತೀರಿ, ಯಾರಿಂದ ಇಲ್ಲ ಅನ್ನುವ ಒಂದು ಸಾಲು ವಿಡಿಯೊದ ಕೆಳಗೆ ಇರಲಿ. ಸರ್ಕಾರವನ್ನು ಪ್ರಶ್ನಿಸುವ ಬಳಗವಾದರೆ ಎರಡು ಸಾಲು ಇರಲಿ.

ತಾರೀಖನ್ನು ವಿಡಿಯೊದ ಚಿತ್ರದ ಮೇಲೆಯೇ ಬರೆಯಿರಿ. ವಾಟ್ಸ್ಆ್ಯಪ್‌ಗೆ ಬಿದ್ದ ಮೇಲೆ ಅದರ ಜೊತೆಗಿದ್ದ ಬರಹ ಕಳಚಿಹೋಗುತ್ತದೆ. ಅಭಿಯಾನ ಮುಗಿದು ಎರಡು ವರ್ಷವಾದರೂ ಅದು ಯಾವುದೋ ಫ್ಯಾಮಿಲಿ ಗ್ರೂಪಿನಲ್ಲಿ ಓಡಾಡುತ್ತಿರುತ್ತದೆ, ಕೆಲವೊಮ್ಮೆ ಬೇರೆ ಯಾರದೋ ಯುಪಿಐ ಐಡಿ ಅಂಟಿಸಿಕೊಂಡು. ಕೊನೆಯ ದಿನ ಬಂದಾಗ ಅದೇ ಜಾಗದಲ್ಲಿ, ಅದೇ ಜನರ ಜೊತೆ ಮೂವತ್ತು ಸೆಕೆಂಡಿನ ಇನ್ನೊಂದು ವಿಡಿಯೊ ತೆಗೆದು ಹಾಕಿ: ಇಷ್ಟು ಬಂತು, ಇಷ್ಟು ಖರ್ಚಾಯಿತು, ಬಿಲ್ಲುಗಳು ಇಲ್ಲಿವೆ, ಇನ್ನು ಕಳಿಸಬೇಡಿ.