ಬರ್ಮಾದ ಉದ್ದು, ಸೇನೆಯ ತಿಜೋರಿ

ನಮ್ಮ ಇಡ್ಲಿ ಹಿಟ್ಟಿಗೂ ಮ್ಯಾನ್ಮಾರ್‌ಗೂ ಹಳೆಯ ನಂಟು. ಭಾರತ ಹೊರಗಿನಿಂದ ತರಿಸುವ ಉದ್ದಿನಲ್ಲಿ ದೊಡ್ಡ ಪಾಲು ಬಹುಕಾಲದಿಂದ ಬರುತ್ತಿರುವುದು ಅಲ್ಲಿಂದಲೇ. ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ ತರಿಸಿಕೊಳ್ಳಲು 2021ರಲ್ಲಿ ಎರಡೂ ಸರ್ಕಾರಗಳ ನಡುವೆ ಒಡಂಬಡಿಕೆಯೂ ಆಯಿತು. ಆದರೆ ಆ ನೆಲ ಹೆಸರಾಗಿದ್ದದ್ದು ಭತ್ತಕ್ಕೆ. ಭತ್ತದ ನಾಡು ಉದ್ದು ಮಾರಿ ಬದುಕುವಂತಾದದ್ದು ಹೇಗೆ ಎಂದು ಕೇಳಿದರೆ, ಅರವತ್ತು ವರ್ಷಗಳ ಸೇನಾಡಳಿತದ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ಎರಡನೆಯ ಮಹಾಯುದ್ಧಕ್ಕೆ ಮುಂಚೆ ಜಗತ್ತಿಗೆ ಅತಿ ಹೆಚ್ಚು ಅಕ್ಕಿ ಕಳುಹಿಸುತ್ತಿದ್ದ ದೇಶ ಬರ್ಮಾ, ಅಂದರೆ ಇಂದಿನ ಮ್ಯಾನ್ಮಾರ್. 1962ರ ಮಾರ್ಚ್ 2ರಂದು ಜನರಲ್ ನೆ ವಿನ್ ಅಧಿಕಾರ ಕಿತ್ತುಕೊಂಡರು. ಬರ್ಮಾದ್ದೇ ಆದ ಸಮಾಜವಾದ ಎಂಬ ಹೆಸರಿನಲ್ಲಿ ಬ್ಯಾಂಕು, ಕಾರ್ಖಾನೆ, ಕೊನೆಗೆ ಬೀದಿಯ ಅಂಗಡಿಗಳವರೆಗೆ ಎಲ್ಲವೂ ಸರ್ಕಾರದ ವಶವಾದವು. ತಲೆಮಾರುಗಳಿಂದ ಅಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಭಾರತೀಯ ಮೂಲದವರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಬರಿಗೈಲಿ ಹಡಗು ಹತ್ತಿದರು. ಭತ್ತವನ್ನು ಸರ್ಕಾರವೇ ತಾನು ಗೊತ್ತುಮಾಡಿದ ಬೆಲೆಗೆ ಕೊಳ್ಳುತ್ತಿತ್ತು. ಹೆಚ್ಚು ಬೆಳೆದರೂ ಹೆಚ್ಚು ಸಿಗದು ಎಂದಾದ ಮೇಲೆ ಯಾವ ರೈತ ತಾನೇ ಬೆವರು ಹರಿಸುತ್ತಾನೆ?

ಇದಕ್ಕಿಂತ ಆಳವಾದ ಗಾಯ ನೋಟುಗಳದು. 1964ರಲ್ಲಿ, 1985ರಲ್ಲಿ, ಮತ್ತೆ 1987ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಇದ್ದಕ್ಕಿದ್ದಂತೆ ನೋಟು ರದ್ದು ಮಾಡಿತು. ಮೂರನೆಯ ಸಲ 25, 35, 75 ಕ್ಯಾಟ್‌ನ ನೋಟುಗಳು ಹೋದವು. ಬದಲಿಗೆ ಬಿಡಿಗಾಸೂ ಸಿಗಲಿಲ್ಲ. ಹೊಸದಾಗಿ ಬಂದವು 45 ಮತ್ತು 90ರ ನೋಟುಗಳು. ಒಂಬತ್ತರಿಂದ ಭಾಗವಾಗುವ ಅಂಕಿಗಳ ಮೇಲೆ ನೆ ವಿನ್‌ಗೆ ನಂಬಿಕೆಯಿತ್ತು ಎಂಬುದು ಆಗ ಎಲ್ಲರ ಬಾಯಲ್ಲಿದ್ದ ಮಾತು. ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟ ಹಣ ರಾತ್ರಿ ಕಳೆಯುವುದರೊಳಗೆ ಕಾಗದವಾದಾಗ ರಂಗೂನಿನ ವಿದ್ಯಾರ್ಥಿಗಳು ಬೀದಿಗಿಳಿದರು. ಆ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಬರ್ಮಾವನ್ನು ಅತಿ ಹಿಂದುಳಿದ ದೇಶಗಳ ಪಟ್ಟಿಗೆ ಸೇರಿಸಿತು. 1988ರ ಆಗಸ್ಟ್ 8ರಂದು ಇಡೀ ದೇಶ ಎದ್ದು ನಿಂತಿತು. ಸೇನೆ ಗುಂಡು ಹಾರಿಸಿತು. ದುಡಿದು ಉಳಿಸಿದ್ದು ನಾಳೆ ತನ್ನದಾಗಿರುತ್ತದೆಂಬ ಭರವಸೆ ಅಂದು ಹೋದದ್ದು, ಇಂದಿಗೂ ಪೂರ್ತಿ ಮರಳಿಲ್ಲ.

1988ರ ನಂತರ ಬಂದ ಸೇನಾಡಳಿತ ಅಕ್ಕಿಯ ರಫ್ತನ್ನು ಬಿಗಿಮುಷ್ಟಿಯಲ್ಲೇ ಇಟ್ಟುಕೊಂಡು, ಬೇಳೆಕಾಳುಗಳ ವ್ಯಾಪಾರವನ್ನು ಮಾತ್ರ ಖಾಸಗಿಯವರಿಗೆ ಬಿಟ್ಟಿತು. ಭಾರತದಲ್ಲಿ ಬೇಡಿಕೆ ಇತ್ತು. ಭತ್ತ ಕೊಯ್ದ ಗದ್ದೆಯಲ್ಲಿ ಉಳಿದ ತೇವಕ್ಕೆ ಉದ್ದು, ಹೆಸರು ಬಿತ್ತಿದ ರೈತರು ಕೆಲವೇ ವರ್ಷಗಳಲ್ಲಿ ದೇಶದ ಕೃಷಿ ರಫ್ತಿನ ಮುಂಚೂಣಿಗೆ ಕಾಳುಗಳನ್ನು ತಂದರು. ಸಬ್ಸಿಡಿ ಇರಲಿಲ್ಲ, ಯೋಜನೆ ಇರಲಿಲ್ಲ. ಸೇನೆಯ ಕೈ ಅಲ್ಲಿಗೆ ಚಾಚಿರಲಿಲ್ಲ, ಅಷ್ಟೇ. ಮ್ಯಾನ್ಮಾರ್‌ನ ಜನಕ್ಕೆ ಕಸುವಿಲ್ಲ ಎನ್ನುವವರಿಗೆ ಈ ಉದ್ದಿನ ಕಾಳೇ ಉತ್ತರ.

2014ರಲ್ಲಿ ಅದೇ ಮಾತು ಮತ್ತೊಮ್ಮೆ ನಿಜವಾಯಿತು. ಒಂದು ಕಾಲಕ್ಕೆ ಸಾವಿರ ಡಾಲರಿಗೂ ಮೀರಿ ಬಾಳುತ್ತಿದ್ದ ಸಿಮ್ ಕಾರ್ಡು, ವಿದೇಶಿ ಕಂಪನಿಗಳು ಕಾಲಿಟ್ಟೊಡನೆ 1,500 ಕ್ಯಾಟ್‌ಗೆ, ಅಂದರೆ ಒಂದೂವರೆ ಡಾಲರಿಗೆ ಸಿಕ್ಕಿತು. ಲ್ಯಾಂಡ್‌ಲೈನ್ ಕಂಡಿರದ ಹಳ್ಳಿಗಳಿಗೆ ನೇರವಾಗಿ ಮೊಬೈಲ್ ಬಂತು. ಪ್ರಜಾಪ್ರಭುತ್ವ ನಾಯಕಿ ಆಂಗ್ ಸಾನ್ ಸೂ ಕಿ ಅವರ ಪಕ್ಷ 2015ರ ಚುನಾವಣೆಯಲ್ಲಿ ಗೆದ್ದಾಗ ಜಗತ್ತೇ ನಿಟ್ಟುಸಿರುಬಿಟ್ಟಿತು. ಆದರೆ 2017ರಲ್ಲಿ ಸೇನೆಯ ದಾಳಿಗೆ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಿಹೋದರು. ಚುನಾಯಿತ ಸರ್ಕಾರ ಅದನ್ನು ತಡೆಯಲಿಲ್ಲ, ಖಂಡಿಸಲೂ ಇಲ್ಲ. ಆ ಮೌನವನ್ನು ನಾನು ಮನ್ನಿಸಲಾರೆ.

ತಡೆಯುವ ಅಧಿಕಾರ ಅದಕ್ಕೆ ಇತ್ತೇ ಎಂಬುದು ಬೇರೆ ಪ್ರಶ್ನೆ. 2008ರ ಸಂವಿಧಾನ ಸಂಸತ್ತಿನ ಶೇ 25ರಷ್ಟು ಸ್ಥಾನಗಳನ್ನು ಸೇನೆಗೆ ಬರೆದುಕೊಟ್ಟಿದೆ. ತಿದ್ದುಪಡಿಗೆ ಬೇಕಾದದ್ದು ಶೇ 75ಕ್ಕಿಂತ ಹೆಚ್ಚು ಮತ. ರಕ್ಷಣೆ, ಗೃಹ, ಗಡಿ ವ್ಯವಹಾರದ ಸಚಿವರನ್ನು ಸೂಚಿಸುವುದೂ ಸೇನಾ ಮುಖ್ಯಸ್ಥರೇ. ಇದಕ್ಕಿಂತ ಗಟ್ಟಿಯಾದ ಬೇರು ಹಣದಲ್ಲಿದೆ. 1990ರಲ್ಲಿ ಮತ್ತು 1997ರಲ್ಲಿ ಸೇನೆ ಕಟ್ಟಿದ ಎರಡು ಬೃಹತ್ ಉದ್ಯಮ ಸಮೂಹಗಳ ಕೆಳಗೆ ಕನಿಷ್ಠ 120 ವ್ಯವಹಾರಗಳಿವೆ ಎಂದು ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ 2019ರಲ್ಲಿ ವರದಿ ಮಾಡಿತು. ಹರಳು, ಮಾಣಿಕ್ಯ, ಬಿಯರ್, ಬ್ಯಾಂಕು, ಬಂದರು ಎಲ್ಲವೂ ಅದರಲ್ಲಿ ಸೇರಿವೆ. ಅವುಗಳ ಲೆಕ್ಕ ಸಂಸತ್ತಿನ ಮುಂದೆ ಬರುವುದಿಲ್ಲ. ತನ್ನ ಖರ್ಚಿಗೆ ಜನರ ಒಪ್ಪಿಗೆ ಬೇಡದ ಸೇನೆಗೆ ಜನರ ಮತದ ಹಂಗು ಎಲ್ಲಿಯದು?

2021ರ ಫೆಬ್ರುವರಿ 1ರಂದು ಸೇನಾ ಮುಖ್ಯಸ್ಥ ಜನರಲ್ ಮಿನ್ ಆಂಗ್ ಲೈಂಗ್ ನೇತೃತ್ವದಲ್ಲಿ ಸೇನೆ ಮತ್ತೆ ಅಧಿಕಾರ ಹಿಡಿಯಿತು. ವಿಶ್ವಬ್ಯಾಂಕ್ ಅಂದಾಜಿನಲ್ಲಿ ಆ ವರ್ಷ ಆರ್ಥಿಕತೆ ಶೇ 18ರಷ್ಟು ಕುಗ್ಗಿತು. 2024ರ ಫೆಬ್ರುವರಿಯಲ್ಲಿ ಕಡ್ಡಾಯ ಸೇನಾ ಸೇವೆಯ ಕಾನೂನು ಜಾರಿಗೆ ಬಂತು. 18ರಿಂದ 35ರ ಯುವಕರು ಪಾಸ್‌ಪೋರ್ಟ್ ಕಚೇರಿಗಳ ಮುಂದೆ ಸಾಲುಗಟ್ಟಿದರು, ಗಡಿ ದಾಟಿ ಥಾಯ್ಲೆಂಡಿಗೆ ಹೋದರು. ಮೇ ತಿಂಗಳಲ್ಲಿ ಗಂಡಸರಿಗೆ ವಿದೇಶದಲ್ಲಿ ದುಡಿಯುವ ಪರವಾನಗಿಯೇ ನಿಂತಿತು. ಶಾಲೆ ನಡೆಸಬೇಕಾದವರು, ಗದ್ದೆ ಉಳಬೇಕಾದವರು ಊರಲ್ಲಿಲ್ಲ. ಇತ್ತ ಅಫೀಮು ಬೆಳೆಯುವುದರಲ್ಲಿ ಮ್ಯಾನ್ಮಾರ್ 2023ರಲ್ಲಿ ಅಫ್ಗಾನಿಸ್ತಾನವನ್ನು ಹಿಂದೆ ಹಾಕಿತು.

ಈಗ ಸೇನೆಯ ಕೈ ಉದ್ದಿನ ಹೊಲಕ್ಕೂ ಬಂದಿದೆ. ರಫ್ತುದಾರರು ಗಳಿಸಿದ ಡಾಲರುಗಳಲ್ಲಿ ಒಂದು ಪಾಲನ್ನು ಸರ್ಕಾರಿ ದರದಲ್ಲಿ ಒಪ್ಪಿಸಬೇಕೆಂಬ ನಿಯಮ ಬಂತು. ಸರ್ಕಾರಿ ದರ ಡಾಲರಿಗೆ 2,100 ಕ್ಯಾಟ್. 2024ರಲ್ಲಿ ಮಾರುಕಟ್ಟೆಯ ದರ 4,000 ದಾಟಿತ್ತು. ನಡುವಿನ ನಷ್ಟ ಕೊನೆಗೆ ತಾಕುವುದು ಹೊಲದ ಬೆಲೆಗೆ. ನೋಟು ರದ್ದು ಮಾಡದೆಯೇ ರೈತನ ಜೇಬಿಗೆ ಕೈಹಾಕುವ ದಾರಿ ಇದು.

ಇದರ ನಡುವೆಯೇ 2025ರ ಡಿಸೆಂಬರ್ 28ರಂದು ಸಂಸತ್ ಚುನಾವಣೆಯ ಮೊದಲ ಹಂತದ ಮತದಾನ ನಡೆಯಿತು. ಅದಕ್ಕೆ ಹಿಂದಿನ ಚುನಾವಣೆಯಲ್ಲಿ ಗೆದ್ದಿದ್ದ ಸೂ ಕಿ ಅವರ ಪಕ್ಷವನ್ನು 2023ರಲ್ಲೇ ವಿಸರ್ಜಿಸಲಾಗಿತ್ತು. ಹೊಸ ಸಂಸತ್ತು, ಹೊಸ ಸಂಪುಟ ಎಂದು ಯಾರಾದರೂ ಹೇಳಿದರೆ ಓದುಗರು ಒಂದೇ ಪ್ರಶ್ನೆ ಕೇಳಲಿ: ಸೇನೆಯ ಆ ಎರಡು ಉದ್ಯಮ ಸಮೂಹಗಳ ಲೆಕ್ಕಪುಸ್ತಕ ಆ ಸಂಸತ್ತಿನ ಮೇಜಿನ ಮೇಲೆ ಬಂದಿದೆಯೇ? ಬಾರದಿದ್ದರೆ ಅಲ್ಲಿ ಏನೂ ಬದಲಾಗಿಲ್ಲ.