ಮಹಡಿ ಮನೆಯ ಬೆಂಕಿಯೂ ಚಾವಣಿಯ ತುಂತುರೂ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ರೈತರಿಗೆ ಸ್ಪ್ರಿಂಕ್ಲರ್ ಎಂಬ ಮಾತು ಹೊಸದಲ್ಲ. ಮಳೆ ಅಪರೂಪವಾದ ಈ ಸೀಮೆಯಲ್ಲಿ ಕೊಳವೆಬಾವಿಯ ನೀರನ್ನು ಶೇಂಗಾ ಹೊಲದ ಮೇಲೆ ಮಳೆಯಂತೆ ಚಿಮ್ಮಿಸುವ ಆ ತಿರುಗು ನಳಿಕೆಗಳನ್ನು ಇಲ್ಲಿಯ ಶಾಲಾ ಬಾಲಕರೂ ಬಲ್ಲರು. ಅದೇ ಹೆಸರಿನ ಇನ್ನೊಂದು ಉಪಕರಣವಿದೆ. ಅದರ ವಾಸ ಹೊಲದಲ್ಲಲ್ಲ. ಎತ್ತರವಾದ ಕಟ್ಟಡಗಳ ಚಾವಣಿಯಲ್ಲಿ, ಹೆಬ್ಬೆರಳಿನಷ್ಟು ಗಾತ್ರದ ಲೋಹದ ತುಂಡಾಗಿ, ತಲೆಕೆಳಗಾಗಿ ತೂಗುತ್ತಿರುತ್ತದೆ. ಹೊಲದ ಸ್ಪ್ರಿಂಕ್ಲರು ಪಂಪು ಓಡಿದಾಗಲೆಲ್ಲ ನೀರೆರೆಯುತ್ತದೆ. ಚಾವಣಿಯದಾದರೋ ವರ್ಷಗಟ್ಟಲೆ ಒಂದು ಹನಿಯನ್ನೂ ಬಿಡದೆ ಕಾದಿದ್ದು, ಕೆಳಗೆ ಬೆಂಕಿ ಹತ್ತಿದ ದಿನ ಯಾರ ಅಪ್ಪಣೆಯೂ ಇಲ್ಲದೆ ತಾನಾಗಿ ಬಾಯಿ ತೆರೆಯಬೇಕು.

ಚಳ್ಳಕೆರೆಯಲ್ಲಿ ಮುಗಿಲೆತ್ತರದ ಮನೆಗಳಿಲ್ಲವಲ್ಲ, ಇಲ್ಲಿಯ ವಿದ್ಯಾರ್ಥಿಗಳಿಗೆ ಈ ವಿಚಾರವೇಕೆ ಎಂದು ಯಾರಾದರೂ ಕೇಳಬಹುದು. ಪಿ.ಯು.ಸಿ. ಮುಗಿಸಿ ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಹೊರಡುವ ಇಲ್ಲಿಯ ಹುಡುಗ ಹುಡುಗಿಯರು ಆರನೆಯ ಮಹಡಿಯಲ್ಲಿಯೋ ಹದಿನಾರನೆಯ ಮಹಡಿಯಲ್ಲಿಯೋ ಮಲಗುವ ಕಾಲ ಬಂದಿದೆ. ಊರಿನ ಮನೆಯ ಬೆಂಕಿಯ ಅನುಭವ ಅಲ್ಲಿ ಉಪಯೋಗಕ್ಕೆ ಬಾರದು. ಗುಡಿಸಲಿಗೆ ಬೆಂಕಿ ತಗುಲಿದರೆ ಹುಲ್ಲಿನ ಸೂರೇ ಸುಟ್ಟು ಹೊಗೆ ಆಕಾಶಕ್ಕೆ ಹೋಗುತ್ತದೆ. ಒಳಗಿನವರು ನಾಲ್ಕು ಹೆಜ್ಜೆ ಇಟ್ಟರೆ ಅಂಗಳ. ಹಳೆಯ ಮಾಳಿಗೆ ಮನೆಯಲ್ಲಿ ಹೊಗೆ ಹೋಗಲು ಬೆಳಕಿಂಡಿಯಾದರೂ ಇತ್ತು. ಕಾಂಕ್ರೀಟಿನ ಮಹಡಿ ಮನೆ ಹಾಗಲ್ಲ. ಅದು ಮುಚ್ಚಿದ ಪೆಟ್ಟಿಗೆ. ಗೋಡೆ ಸುಡುವುದಿಲ್ಲ, ಸೂರು ಬೀಳುವುದಿಲ್ಲ, ಆದುದರಿಂದಲೇ ಹೊಗೆಯೂ ಹೊರಗೆ ಹೋಗುವುದಿಲ್ಲ.

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ನಡೆದ ದುರಂತ ಇದಕ್ಕೆ ಸಾಕ್ಷಿ. ಬೆಂಕಿ ಕಾಣಿಸಿಕೊಂಡದ್ದು ವಿದ್ಯುತ್ ತಂತಿಗಳು ಮಹಡಿಯಿಂದ ಮಹಡಿಗೆ ಹಾಯುವ ನೀಳವಾದ ಗೂಡಿನಲ್ಲಿ. ಅಲ್ಲಿಂದ ಎದ್ದ ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿತು. ಉಸಿರು ಕಟ್ಟಿದವರು ಗಾಜು ಒಡೆದು ಕಿಟಕಿಗಳ ಅಂಚಿಗೆ ಬಂದರು. ಕೆಲವರು ಕೆಳಗೆ ಹಾರಿದರು. ಒಂಬತ್ತು ಮಂದಿ ತೀರಿಕೊಂಡರು. ಜ್ವಾಲೆಯನ್ನು ಕಣ್ಣಾರೆ ಕಾಣದವರನ್ನೂ ಹೊಗೆ ಅಲ್ಲಿ ಕಿಟಕಿಗೆ ಅಟ್ಟಿತು.

ಹೊಗೆಯಲ್ಲಿ ಅಂಥದೇನಿದೆ? ಸಾಕಷ್ಟು ಗಾಳಿ ಸಿಕ್ಕದೆ ಉರಿಯುವ ಪದಾರ್ಥದಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದು ಅಂಟಿಕೊಳ್ಳುವುದರಿಂದ, ಎದೆ ತುಂಬ ಉಸಿರೆಳೆದರೂ ದೇಹಕ್ಕೆ ಆಮ್ಲಜನಕ ಮುಟ್ಟುವುದಿಲ್ಲ. ಇಂದಿನ ಸೋಫಾ, ಹಾಸಿಗೆಗಳಲ್ಲಿರುವ ಪಾಲಿಯುರಿಥೇನ್ ನೊರೆ ಸುಟ್ಟಾಗ ಹೈಡ್ರೊಜನ್ ಸಯನೈಡ್ ಸಹ ಬರುತ್ತದೆ. ಹಿಂದಿನ ಹತ್ತಿಯ ಹಾಸಿಗೆ, ಮರದ ಮಂಚಗಳೂ ಸುಡುತ್ತಿದ್ದವು, ನಿಜ, ಆದರೆ ನಿಧಾನವಾಗಿ. ಹಳೆಯ ಕಾಲದ ಸಾಮಾನು ತುಂಬಿದ ಕೋಣೆಗೂ ಈಗಿನ ಸಾಮಾನು ತುಂಬಿದ ಕೋಣೆಗೂ ಬೆಂಕಿಯಿಟ್ಟು ಅಮೆರಿಕದಲ್ಲಿ ಪರೀಕ್ಷಿಸಿದಾಗ, ಮೊದಲನೆಯದರಲ್ಲಿ ಕೋಣೆಯೆಲ್ಲ ಒಮ್ಮೆಗೆ ಹೊತ್ತಿಕೊಳ್ಳಲು ಸುಮಾರು ಅರ್ಧ ಗಂಟೆ ಹಿಡಿಯಿತು. ಎರಡನೆಯದರಲ್ಲಿ ಐದು ನಿಮಿಷವೂ ಹಿಡಿಯಲಿಲ್ಲ. ಈ ಐದು ನಿಮಿಷವನ್ನು ಓದುಗರು ನೆನಪಿನಲ್ಲಿಡಬೇಕು. ಅಗ್ನಿಶಾಮಕ ದಳದವರು ಎಷ್ಟೇ ಚುರುಕಾಗಿದ್ದರೂ ಬೆಂಗಳೂರಿನ ವಾಹನಸಂದಣಿಯಲ್ಲಿ ಐದು ನಿಮಿಷಕ್ಕೆ ಬಂದು ಹದಿನಾರು ಮಹಡಿ ಹತ್ತುವುದು ಆಗದ ಮಾತು. ಏಣಿಯಾದರೋ ಎತ್ತರಕ್ಕೆ ಸೋಲುತ್ತದೆ. 2022ರ ಕೊನೆಯಲ್ಲಿ ಕರ್ನಾಟಕದ ದಳಕ್ಕೆ 90 ಮೀಟರ್ ಏರಬಲ್ಲ ಏಣಿವಾಹನವೊಂದು ಬಂದಿತು. ಮಹಾತ್ಮ ಗಾಂಧಿ ರಸ್ತೆಯಲ್ಲಿ 1973ರಲ್ಲಿಯೇ ಮೇಲೆದ್ದ ಇಪ್ಪತ್ತೈದು ಅಂತಸ್ತಿನ ಪಬ್ಲಿಕ್ ಯುಟಿಲಿಟಿ ಕಟ್ಟಡದ ಎತ್ತರ 106 ಮೀಟರ್! ಆದುದರಿಂದ ಬೆಂಕಿ ಹುಟ್ಟಿದ ಕೋಣೆಯಲ್ಲಿಯೇ, ಹುಟ್ಟಿದ ನಾಲ್ಕಾರು ನಿಮಿಷದಲ್ಲಿಯೇ ಅದನ್ನು ಅದುಮಬಲ್ಲ ಕಾವಲುಗಾರನೊಬ್ಬ ಬೇಕು.

ಆ ಕಾವಲುಗಾರನೇ ಚಾವಣಿಯ ಸ್ಪ್ರಿಂಕ್ಲರ್. ಅದರ ಹುಟ್ಟು ಮನೆಗಳಲ್ಲಿ ಅಲ್ಲ, ಕಾರ್ಖಾನೆಯಲ್ಲಿ. ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ ಪಿಯಾನೊ ಕಾರ್ಖಾನೆ ನಡೆಸುತ್ತಿದ್ದ ಹೆನ್ರಿ ಪಾರ್ಮೆಲಿ ಎಂಬಾತ 1874ರ ಸುಮಾರಿಗೆ ತನ್ನ ಕಾರ್ಖಾನೆಯ ರಕ್ಷಣೆಗಾಗಿ ಇದನ್ನು ರೂಪಿಸಿದ. ಫ್ರೆಡರಿಕ್ ಗ್ರಿನೆಲ್ ಎಂಬಾತ 1880ರ ದಶಕದ ಮೊದಲಲ್ಲಿ ಅದನ್ನು ಸುಧಾರಿಸಿ ಹತ್ತಿ ಗಿರಣಿಗಳಲ್ಲೆಲ್ಲ ಹರಡಿದ. ಮನುಷ್ಯರ ಪ್ರಾಣಕ್ಕಿಂತ ಸರಕಿಗೆ ಮೊದಲು ಕಾವಲು ದೊರೆತದ್ದು ವಿಚಿತ್ರವೇನಲ್ಲ; ಸರಕಿಗೆ ವಿಮೆಯಿತ್ತು.

ರಚನೆ ಬಹು ಸರಳ. ಚಾವಣಿಯ ಕೊಳವೆಗಳಲ್ಲಿ ಸದಾ ಒತ್ತಡದ ನೀರು ತುಂಬಿರುತ್ತದೆ. ಒಂದೊಂದು ನಳಿಕೆಯ ಬಾಯಿಗೂ ಒಂದು ಬಿರಡೆ. ಬಿರಡೆ ಬೀಳದಂತೆ ಅದಕ್ಕೆ ಊರೆಗೋಲಾಗಿ ಒಂದು ಪುಟ್ಟ ಗಾಜಿನ ಬುರುಡೆ. ಬುರುಡೆಯಲ್ಲಿ ಬಣ್ಣದ ದ್ರವ, ದ್ರವದಲ್ಲೊಂದು ಗಾಳಿಯ ಗುಳ್ಳೆ. ಕೆಳಗಿನ ಬೆಂಕಿಯಿಂದ ಎದ್ದ ಬಿಸಿಗಾಳಿ ಚಾವಣಿಯಡಿ ಹರಡಿದಾಗ ದ್ರವ ಹಿಗ್ಗುತ್ತದೆ, ಗುಳ್ಳೆ ಕುಗ್ಗಿ ಮಾಯವಾಗುತ್ತದೆ, ಇನ್ನು ಹಿಗ್ಗಲು ಎಡೆಯಿಲ್ಲದೆ ಗಾಜು ಸಿಡಿಯುತ್ತದೆ. ಊರೆಗೋಲು ಹೋದೊಡನೆ ಬಿರಡೆ ಬಿದ್ದು, ನೀರು ಹೊರಟು, ಕೆಳಗಿನ ಹಲ್ಲುಹಲ್ಲಾದ ತಟ್ಟೆಗೆ ಬಡಿದು ಕೊಡೆಯಂತೆ ಹರಡುತ್ತದೆ. ಕೆಲವು ಸ್ಪ್ರಿಂಕ್ಲರುಗಳಲ್ಲಿ ಗಾಜಿನ ಬದಲು ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಂಗಳ ಮಿಶ್ರಲೋಹದ ಬೆಸುಗೆ ಇರುತ್ತದೆ. ಈ ನಾಲ್ಕು ಲೋಹಗಳಲ್ಲಿ ಯಾವುದೂ 230 ಡಿಗ್ರಿಗಿಂತ ಕೆಳಗೆ ಕರಗದು. ಕೂಡಿದರೆ ಸುಮಾರು 70 ಡಿಗ್ರಿ ಸೆಂಟಿಗ್ರೇಡಿಗೇ, ಎಂದರೆ ಕುದಿಯುವ ನೀರಿನ ಕಾವಿಗಿಂತ ಎಷ್ಟೋ ಕೆಳಗೆ, ಕರಗಿಬಿಡುತ್ತವೆ.

ದ್ರವದ ಬಣ್ಣ ಅಲಂಕಾರಕ್ಕಲ್ಲ. ಕಿತ್ತಳೆ ಬಣ್ಣದ ಬುರುಡೆ 57 ಡಿಗ್ರಿಗೆ ಸಿಡಿಯುತ್ತದೆ, ಕೆಂಪು 68ಕ್ಕೆ, ಹಳದಿ 79ಕ್ಕೆ, ಹಸುರು 93ಕ್ಕೆ. ಆ ಸ್ಥಳದಲ್ಲಿ ಎಂದಾದರೂ ಏರಬಹುದಾದ ಅತ್ಯಧಿಕ ಉಷ್ಣತೆಗಿಂತ ಕನಿಷ್ಠ 30 ಡಿಗ್ರಿ ಮೇಲಿನದನ್ನು ಆರಿಸಬೇಕೆಂಬುದು ನಿಯಮ. ಬೆಂಗಳೂರಿನ ಕೋಣೆಗೆ ಕೆಂಪು ಸಾಕು. ಚೈತ್ರ ವೈಶಾಖದ ಚಳ್ಳಕೆರೆಯಲ್ಲಿ, ಹೊರಗೇ 40 ಡಿಗ್ರಿ ಇರುವಾಗ, ಹಳದಿ ಬೇಕಾಗುತ್ತದೆ. ಬಿಸಿಲಿಗೆ ಕಾದ ತಗಡಿನ ಸೂರಿನ ಎಣ್ಣೆ ಗಿರಣಿಯಲ್ಲಾದರೆ ಹಸುರೇ ಲೇಸು.

ಸಿನಿಮಾಗಳು ಹುಟ್ಟಿಸಿದ ತಪ್ಪು ಭಾವನೆಯೊಂದನ್ನು ಇಲ್ಲಿ ತೊಡೆಯಬೇಕು. ಯಾರೋ ಬೀಡಿ ಹಚ್ಚಿದೊಡನೆ ಇಡೀ ಕಟ್ಟಡದ ಸ್ಪ್ರಿಂಕ್ಲರುಗಳೆಲ್ಲ ಒಟ್ಟಿಗೆ ಸುರಿಯುವ ದೃಶ್ಯವನ್ನು ನೀವು ನೋಡಿರಬಹುದು. ಹಾಗಾಗುವುದಿಲ್ಲ. ಹೊಗೆಗೆ ಸ್ಪ್ರಿಂಕ್ಲರ್ ಓಗೊಡುವುದಿಲ್ಲ, ಕಾವಿಗೆ ಮಾತ್ರ. ಒಂದೊಂದರ ಗಾಜೂ ಬೇರೆ ಬೇರೆ. ಯಾವುದು ಕಾದಿತೋ ಅದು ಮಾತ್ರ ತೆರೆಯುತ್ತದೆ. ಮನೆಯ ಬೆಂಕಿಯನ್ನು ಸಾಮಾನ್ಯವಾಗಿ ಒಂದೋ ಎರಡೋ ನಳಿಕೆಗಳೇ ಹತೋಟಿಗೆ ತರುತ್ತವೆ.

ಇದರಿಂದ ನೀರಿನ ಲೆಕ್ಕವೂ ತಲೆಕೆಳಗಾಗುತ್ತದೆ. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ನಾಡಿನಲ್ಲಿ ಬೆಂಕಿಗೆಂದು ನೀರು ಕೂಡಿಡುವುದು ದುಂದು ಎಂದು ತೋರುವುದು ಸಹಜ. ಎಣಿಸಿ ನೋಡೋಣ. ಸಾಮಾನ್ಯ ಸ್ಪ್ರಿಂಕ್ಲರ್ ಒಂದು ವಾಯುಭಾರದ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 80 ಲೀಟರ್ ನೀರು ಬಿಡುತ್ತದೆ. ಮೂರು ನಳಿಕೆಗಳು ತೆರೆದು ಹತ್ತು ನಿಮಿಷ ಸುರಿದರೂ 2,400 ಲೀಟರ್. ಬೆಂಕಿ ಬೆಳೆದ ಮೇಲೆ ನಿಮಿಷಕ್ಕೆ 400 ಲೀಟರಿನಂತೆ ಎರಡು ಕೊಳವೆಗಳಿಂದ ಅರ್ಧ ಗಂಟೆ ಹೊಡೆದರೆ 24,000 ಲೀಟರ್. ನೀರು ಕಡಿಮೆ ಇರುವ ಊರಿಗೇ ಸ್ಪ್ರಿಂಕ್ಲರ್ ಹೆಚ್ಚು ಒಪ್ಪುವಂಥದು.

ಅಷ್ಟು ಕಡಿಮೆ ನೀರು ಬೆಂಕಿಯನ್ನು ಹೇಗೆ ಗೆಲ್ಲುತ್ತದೆ? 30 ಡಿಗ್ರಿಯ ಒಂದು ಗ್ರಾಂ ನೀರು 100 ಡಿಗ್ರಿಗೆ ಏರಲು 70 ಕ್ಯಾಲೊರಿ, ಆವಿಯಾಗಲು ಮತ್ತೆ 540 ಕ್ಯಾಲೊರಿ, ಒಟ್ಟು 610 ಕ್ಯಾಲೊರಿ ಶಾಖವನ್ನು ನುಂಗುತ್ತದೆ. 80 ಲೀಟರಿನ ಪ್ರತಿ ಹನಿಯೂ ಆವಿಯಾದರೆ ನಿಮಿಷಕ್ಕೆ ಸುಮಾರು 49,000 ಕಿಲೊಕ್ಯಾಲೊರಿ ಹೋಯಿತು. ಒಂದು ಕಿಲೋಗ್ರಾಂ ಒಣ ಸೌದೆಯ ಶಾಖ ಸುಮಾರು 4,000. ಎಂದರೆ ನಿಮಿಷಕ್ಕೆ ಹನ್ನೆರಡು ಕಿಲೋ ಸೌದೆ ಉರಿಯುವ ಕಾವನ್ನು ಒಂದೇ ನಳಿಕೆ ಹೀರಬಲ್ಲುದು. ಎಲ್ಲ ಹನಿಗಳೂ ಆವಿಯಾಗುವುದಿಲ್ಲ. ನೆಲಕ್ಕೆ ಬಿದ್ದು ಹರಿದುಹೋಗುವುದೂ ಉಂಟು. ಆದರೂ ಹಾಗೆ ಬಿದ್ದ ನೀರು ಇನ್ನೂ ಹೊತ್ತದ ಹಾಸಿಗೆ, ಪರದೆಗಳನ್ನು ತೋಯಿಸಿ ಬೆಂಕಿಗೆ ಮುಂದಿನ ತುತ್ತು ಸಿಕ್ಕದಂತೆ ಮಾಡುತ್ತದೆ.

ಎತ್ತರದ ಕಟ್ಟಡದಲ್ಲಿ ನಿಜವಾದ ತೊಡಕು ಒತ್ತಡದ್ದು. ಹತ್ತು ಮೀಟರ್ ಎತ್ತರದ ನೀರಿನ ಕಂಬ ಸುಮಾರು ಒಂದು ವಾಯುಭಾರದಷ್ಟು ಒತ್ತುತ್ತದೆ. ಟ್ಯಾಂಕು ತಾರಸಿಯ ಮೇಲಿದ್ದರೆ ಕೆಳಗಿನ ಮಹಡಿಗಳಿಗೆ ಒತ್ತಡ ಬೇಕಾದಷ್ಟು. ಆದರೆ ತುತ್ತತುದಿಯ ಮಹಡಿಯ ನಳಿಕೆ ಟ್ಯಾಂಕಿಗಿಂತ ಮೂರೇ ಮೀಟರ್ ಕೆಳಗಿರುತ್ತದೆ. ಅಲ್ಲಿ ಒತ್ತಡ 0.3 ವಾಯುಭಾರ. ನೀರಿನ ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುವುದರಿಂದ ನಿಮಿಷಕ್ಕೆ 80 ಲೀಟರಿನ ಬದಲು ಸುಮಾರು 44 ಲೀಟರ್ ಬರುತ್ತದೆ, ಅದೂ ಸೊರಗಿದ ಧಾರೆಯಾಗಿ. ಅದಕ್ಕಾಗಿಯೇ ಪಂಪುಗಳು. ಕೊಳವೆಯ ಸಣ್ಣ ಸೋರಿಕೆಯನ್ನು ತುಂಬಿ ಒತ್ತಡ ಕಾಯುವ ಪುಟ್ಟ ಜಾಕಿ ಪಂಪು ಒಂದು, ನಳಿಕೆ ತೆರೆದಾಗ ಓಡುವ ದೊಡ್ಡ ವಿದ್ಯುತ್ ಪಂಪು ಒಂದು, ಬೆಂಕಿಯಲ್ಲಿ ಕರೆಂಟು ಹೋದರೆ ಇರಲೆಂದು ಡೀಸೆಲ್ ಪಂಪು ಮತ್ತೊಂದು.

ಪಂಪಿದ್ದರೂ ಟ್ಯಾಂಕಿನಲ್ಲಿ ನೀರಿರಬೇಕಲ್ಲ! ಬೇಸಗೆಯಲ್ಲಿ ನಲ್ಲಿ ಒಣಗಿದಾಗ ಅಗ್ನಿಟ್ಯಾಂಕಿನ ನೀರನ್ನು ಸ್ನಾನಕ್ಕೆ ಎಳೆದುಕೊಳ್ಳುವ ಆಸೆ ಯಾರಿಗೂ ಆಗಬಹುದು. ಇದಕ್ಕೆ ಉಪದೇಶಕ್ಕಿಂತ ಒಳ್ಳೆಯ ಉಪಾಯವನ್ನು ಇಂಜಿನಿಯರುಗಳು ಕಂಡುಕೊಂಡಿದ್ದಾರೆ. ಎರಡಕ್ಕೂ ಒಂದೇ ಟ್ಯಾಂಕಾದರೆ, ಮನೆಬಳಕೆಯ ಕೊಳವೆಯನ್ನು ಟ್ಯಾಂಕಿನ ನಡುಮಟ್ಟದಿಂದಲೂ ಬೆಂಕಿಯ ಕೊಳವೆಯನ್ನು ತಳದಿಂದಲೂ ತೆಗೆಯುತ್ತಾರೆ. ನೀರು ನಡುಮಟ್ಟಕ್ಕಿಳಿದರೆ ನಲ್ಲಿ ತಾನಾಗಿ ನಿಲ್ಲುತ್ತದೆ. ಕೆಳಗಿನ ಪಾಲು ಬೆಂಕಿಗೇ ಮೀಸಲು. ಕಾವಲುಗಾರನಿಲ್ಲದ ಕಾವಲು ಇದು.

ಹಾಗೆಂದು ಸ್ಪ್ರಿಂಕ್ಲರ್ ಒಂದಿದ್ದರೆ ಎಲ್ಲವೂ ಆಯಿತೆಂದು ಎಣಿಸಬಾರದು. ಕಾರ್ಲ್‌ಟನ್ ಕಟ್ಟಡದಂತೆ ತಂತಿಗಳ ಗೂಡು ಚಿಮಣಿಯಾದಾಗ, ಕೋಣೆಯ ಚಾವಣಿಯ ತುಂತುರು ಏನು ಮಾಡೀತು? ಅಂಥ ಗೂಡುಗಳನ್ನು ಪ್ರತಿ ಮಹಡಿಯಲ್ಲಿಯೂ ಸುಡದ ಪದಾರ್ಥದಿಂದ ಬಿಗಿಯಾಗಿ ಮುಚ್ಚಬೇಕು, ಮೆಟ್ಟಲಸಾಲಿನ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುವಂತಿರಬೇಕು. ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ 2021ರ ಸೆಪ್ಟೆಂಬರ್ 21ರಂದು ಬೆಂಕಿ ಬಿದ್ದಾಗ ಇಬ್ಬರು ಹೆಂಗಸರು ಸತ್ತರು. ಅವರಲ್ಲೊಬ್ಬರು ಸಿಕ್ಕಿಬಿದ್ದದ್ದು ಬಾಲ್ಕನಿಯ ಕಬ್ಬಿಣದ ಕಂಬಿಗಳ ಹಿಂದೆ. ಕಳ್ಳರಿಗೆ ಹೆದರಿ ಹಾಕಿಸಿದ ಕಂಬಿ ಬೆಂಕಿಯ ದಿನ ಪಂಜರವಾಗುತ್ತದೆ. ಒಳಗಿನಿಂದ ತೆರೆಯಬಲ್ಲ ಬಾಗಿಲೊಂದನ್ನು ಕಂಬಿಯಲ್ಲಿ ಬಿಡಿಸುವುದಕ್ಕೆ ಎಷ್ಟು ಖರ್ಚಾದೀತು?

ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ಇಪ್ಪತ್ನಾಲ್ಕು ಅಂತಸ್ತಿನ ವಸತಿ ಕಟ್ಟಡದಲ್ಲಿ 2017ರ ಜೂನ್ 14ರ ರಾತ್ರಿ ನಾಲ್ಕನೆಯ ಮಹಡಿಯ ಅಡಿಗೆಮನೆಯಲ್ಲಿ ಹುಟ್ಟಿದ ಕಿಡಿ, ಹೊರಗೋಡೆಗೆ ಹೊದಿಸಿದ್ದ ಹಲಗೆಗಳನ್ನು ಹಿಡಿದು ತುದಿಯವರೆಗೂ ಏರಿ 72 ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿ ಸ್ಪ್ರಿಂಕ್ಲರುಗಳಿರಲಿಲ್ಲ. ಅದುವರೆಗೆ 30 ಮೀಟರಿಗಿಂತ ಎತ್ತರದ ಹೊಸ ವಸತಿ ಕಟ್ಟಡಗಳಿಗೆ ಮಾತ್ರ ಸ್ಪ್ರಿಂಕ್ಲರ್ ಕಡ್ಡಾಯವಾಗಿದ್ದ ಇಂಗ್ಲೆಂಡಿನಲ್ಲಿ 2020ರಿಂದ ಆ ಗೆರೆ 11 ಮೀಟರಿಗೆ ಇಳಿಯಿತು. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಪ್ರಕಟವಾದದ್ದು 1970ರಲ್ಲಿ. ಅದರ 2016ರ ಪರಿಷ್ಕರಣದಂತೆ 15 ಮೀಟರ್ ಮುಟ್ಟಿದ ಕಟ್ಟಡವೇ ಎತ್ತರದ ಕಟ್ಟಡ. ಐದು ಅಂತಸ್ತು ಕಟ್ಟಿದರೆ ಆಯಿತು. ಚಳ್ಳಕೆರೆಗೂ ಅದೇನು ದೂರದ ಮಾತಲ್ಲ.

ನೀವು ವಾಸಿಸುವ ಕಟ್ಟಡದ ಚಾವಣಿಯಲ್ಲಿ ಈ ನಳಿಕೆಗಳಿದ್ದರೆ ಒಮ್ಮೆ ತಲೆಯೆತ್ತಿ ನೋಡಿ. ಸುಣ್ಣ ಬಳಿಯುವವರು ಗಾಜಿನ ಬುರುಡೆಗೂ ಬಣ್ಣ ಬಳಿದಿದ್ದರೆ ಅದು ಹೊತ್ತಿಗೆ ಸರಿಯಾಗಿ ಸಿಡಿಯದು. ಬಟ್ಟೆ ಒಣಗಿಸಲು ಅದಕ್ಕೆ ಹಗ್ಗ ಕಟ್ಟಿದ್ದರೆ ಬೆಂಕಿಯಿಲ್ಲದೆಯೇ ಸಿಡಿದೀತು. ಬಳಿಕ ನೆಲಮಟ್ಟಕ್ಕೆ ಇಳಿದು, ಕೆಂಪು ಬಣ್ಣದ ದಪ್ಪ ಕೊಳವೆಯ ಮೇಲಿರುವ ಒತ್ತಡಮಾಪಕವನ್ನು ಓದಿ. ಮೂವತ್ತು ಮೀಟರ್ ಎತ್ತರದ ಕಟ್ಟಡದಲ್ಲಿ ಕೊಳವೆಗಳು ತುದಿಯವರೆಗೆ ತುಂಬಿದ್ದರೆ, ಪಂಪಿನ ಮಾತು ಹಾಗಿರಲಿ, ನೀರಿನ ಭಾರವೊಂದರಿಂದಲೇ ಮುಳ್ಳು 3 ಕಿಲೋಗ್ರಾಂ ಗೆರೆಯನ್ನು ಮುಟ್ಟಿರಬೇಕು. ಅದು ಸೊನ್ನೆಯ ಮೇಲೆ ನಿಂತಿದ್ದರೆ, ಒಂದೋ ಮಾಪಕ ಕೆಟ್ಟಿದೆ, ಇಲ್ಲವೆ ಕೊಳವೆಗಳು ಬರಿದಾಗಿವೆ.