ಎಣ್ಣೆ ಹೆಚ್ಚಿತೆಂದು ಹಿಗ್ಗಬೇಡಿ

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ನಮ್ಮ ಮನೆಯ ಮುಂದಿನ ಬೈಕ್ ಕೂಡ ನಿಂತುಬಿಟ್ಟಿತು. ಅದು 100 ಸಿಸಿಯ, ಕಾರ್ಬುರೇಟರ್ ಇರುವ ಹಳೆಯ ಗಾಡಿ. ಎರಡು ತಿಂಗಳ ಬಳಿಕ ಹೊರತೆಗೆದು, ಎಂಜಿನ್ ಆಯಿಲ್‌ನ ಅಳತೆಕಡ್ಡಿಯನ್ನು ಎಳೆದು ನೋಡಿದರೆ ಎಣ್ಣೆ ಮೇಲಿನ ಗೆರೆಯನ್ನು ದಾಟಿತ್ತು. ಕಡಿಮೆಯಾಗಬೇಕಿದ್ದುದು ಹೆಚ್ಚಿದೆಯಲ್ಲ, ಒಳ್ಳೆಯದೇ ಆಯಿತು ಎಂದುಕೊಂಡು ಕಿಕ್ಕರ್ ತುಳಿದೆ. ಕೆಲವು ದಿನ ಓಡಿಸಿದ ಮೇಲೆ ಎಂಜಿನ್ನಿನ ಮೇಲ್ಭಾಗದಿಂದ ಕಟಕಟ ಸದ್ದು ಶುರುವಾಯಿತು. ಮೆಕ್ಯಾನಿಕ್ ಕಡ್ಡಿಯನ್ನು ಎಳೆದು ಮೂಸಿದವನೇ ಅದನ್ನು ನನ್ನ ಮೂಗಿಗೂ ಹಿಡಿದ. ‘ಇದು ಆಯಿಲಲ್ಲ ಸಾರ್, ಅರ್ಧ ಪೆಟ್ರೋಲು’ ಎಂದ. ಕೆಲವು ನೂರು ರೂಪಾಯಿಯ ಆಯಿಲ್‌ನಲ್ಲಿ ಮುಗಿಯಬೇಕಿದ್ದ ರಿಪೇರಿ ಸಾವಿರಗಳಿಗೆ ಏರಿತು.

ಪೆಟ್ರೋಲ್ ಅಲ್ಲಿಗೆ ಹೋದದ್ದಾದರೂ ಹೇಗೆ? ಬೈಕಿನ ಟ್ಯಾಂಕ್ ಎಂಜಿನ್ನಿಗಿಂತ ಎತ್ತರದಲ್ಲಿರುತ್ತದೆ. ಹಳೆಯ ಗಾಡಿಗಳಲ್ಲಿ ಪೆಟ್ರೋಲ್ ತನ್ನ ಭಾರದಿಂದಲೇ ಕಾರ್ಬುರೇಟರಿಗೆ ಇಳಿಯುತ್ತದೆ. ಅಲ್ಲಿ ಸಾಕಾದಷ್ಟು ತುಂಬಿದೊಡನೆ ತೇಲುವ ಫ್ಲೋಟ್ ಒಂದು ಪುಟ್ಟ ನೀಡಲನ್ನು ಮೇಲಕ್ಕೊತ್ತಿ ದಾರಿ ಮುಚ್ಚುತ್ತದೆ. ನೀಡಲಿನ ತುದಿ ಸವೆದರೆ, ಇಲ್ಲವೇ ಕಸದ ಒಂದು ಕಣ ಅಡ್ಡ ಸಿಕ್ಕರೆ ದಾರಿ ಪೂರ್ತಿ ಮುಚ್ಚದು. ಉಕ್ಕಿದ ಪೆಟ್ರೋಲ್ ಓವರ್‌ಫ್ಲೋ ಪೈಪಿನಿಂದ ನೆಲಕ್ಕೆ ಬಿದ್ದರೆ ಪುಣ್ಯ, ಕಣ್ಣಿಗಾದರೂ ಬೀಳುತ್ತದೆ. ಆ ಪೈಪ್ ಕಟ್ಟಿಕೊಂಡಿದ್ದರೆ ಅದು ಸಿಲಿಂಡರಿಗೆ ಹರಿದು, ಪಿಸ್ಟನ್ ರಿಂಗುಗಳ ಸಂದಿನಿಂದ ಜಿನುಗಿ ಆಯಿಲ್ ಸೇರುತ್ತದೆ. ಇದನ್ನು ತಡೆಯಲೆಂದೇ ಪೆಟ್ರೋಲ್ ಕಾಕ್‌ನಲ್ಲಿ ‘ಆಫ್’ ಎಂಬ ಸ್ಥಾನವಿದೆ. ‘ರಿಸರ್ವ್’ ಗೊತ್ತಿರುವ ನಮಗೆ ‘ಆಫ್’ ಮಾತ್ರ ಮರೆತೇಹೋಗಿದೆ.

ಈ ಅಲಕ್ಷ್ಯಕ್ಕೆ ಒಂದು ಹಳೆಯ ರೂಢಿಯೂ ಕಾರಣವಿರಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳು ಟೂ-ಸ್ಟ್ರೋಕ್ ಗಾಡಿಗಳು. ಬಂಕಿನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿಸಿಕೊಳ್ಳುವುದೇ ಅವುಗಳ ಕ್ರಮವಾಗಿತ್ತು. ಆ ತಲೆಮಾರಿನ ಸವಾರರಿಗೆ ಇವೆರಡೂ ಒಂದೇ ಪಾತ್ರೆಯ ಬಂಧುಗಳು. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಈ ನಂಟು ವಿಷ. ಆಯಿಲ್ ಲೋಹದ ಮೇಲೆ ತೆಳುವಾದ ಪದರವಾಗಿ ನಿಂತು ಸವೆತ ತಡೆಯಬೇಕು. ಪೆಟ್ರೋಲ್ ಬೆರೆತರೆ ಆಯಿಲ್ ನೀರಾಗಿ, ಆ ಪದರ ಹರಿಯುತ್ತದೆ. ಬಹುತೇಕ ಬೈಕುಗಳಲ್ಲಿ ಎಂಜಿನ್, ಗಿಯರ್, ಕ್ಲಚ್ ಮೂರಕ್ಕೂ ಇರುವುದು ಆ ಒಂದು ಲೀಟರಿನಷ್ಟು ಆಯಿಲ್ ಮಾತ್ರ. ಅದು ಕೆಟ್ಟರೆ ಎಲ್ಲಕ್ಕೂ ಕೇಡು.

ಹಾಗಾದರೆ ಮಾಡಬೇಕಾದುದೇನು? ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನೇರವಾಗಿ ನಿಲ್ಲಿಸಿ ಕಡ್ಡಿ ನೋಡಬೇಕು. ಮಟ್ಟ ಏರಿದ್ದು, ಪೆಟ್ರೋಲ್ ವಾಸನೆಯೂ ಇದ್ದರೆ ಸ್ಟಾರ್ಟ್ ಮಾಡಲೇಬಾರದು. ಕಿಕ್ಕರ್ ಕೆಳಗಿಳಿಯದಿದ್ದರೆ ಸಿಲಿಂಡರಿನಲ್ಲೇ ಪೆಟ್ರೋಲ್ ತುಂಬಿರುವ ಸಾಧ್ಯತೆಯಿದೆ. ದ್ರವವನ್ನು ಗಾಳಿಯಂತೆ ಅದುಮಲಾಗದು. ಬಲವಂತ ಮಾಡಿದರೆ ಒಳಗಿನ ಭಾಗ ಬಾಗುತ್ತದೆ. ಪೆಟ್ರೋಲ್ ಕಾಕ್ ಮುಚ್ಚಿ, ಆಯಿಲನ್ನು ಪೂರ್ತಿ ಬಸಿದು, ಫಿಲ್ಟರ್ ಬದಲಿಸಿ ಅಥವಾ ಜಾಲರಿ ತೊಳೆದು, ಕೈಪಿಡಿ ಹೇಳುವ ದರ್ಜೆಯ ಬೈಕ್ ಆಯಿಲನ್ನೇ ತುಂಬಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಆದರೆ ನೀಡಲ್ ರಿಪೇರಿಯಾಗದೆ ಆಯಿಲ್ ಬದಲಿಸುವುದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆಯೇ. ಕೆಲವು ದಿನಗಳ ನಂತರ ಮತ್ತೊಮ್ಮೆ ಕಡ್ಡಿ ನೋಡುವುದು ಒಳ್ಳೆಯದು.

2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂದಿದೆ, ಈ ಕಾಟ ತಗ್ಗಿದೆ. ಪೂರ್ತಿ ತಪ್ಪಿಲ್ಲ. ಹಾಲಿನ ಬೂತಿಗೆ, ಮೂಲೆಯ ಅಂಗಡಿಗೆ ಎಂದು ದಿನವೂ ಒಂದೊಂದು ಕಿಲೋಮೀಟರ್ ಮಾತ್ರ ಓಡುವ ಎಂಜಿನ್ ಕಾಯುವುದೇ ಇಲ್ಲ. ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕು. ಉರಿಯದೆ ಉಳಿದದ್ದು ಆಯಿಲಿಗೆ ಇಳಿಯುತ್ತದೆ. ಹಳೆಯ ಗಾಡಿಯಲ್ಲಿ ಚೋಕ್ ತೆಗೆಯಲು ಮರೆತರೂ ಇದೇ ಪಾಡು. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿದರೆ ಅಲ್ಪಸ್ವಲ್ಪ ಬೆರೆತದ್ದು ಆವಿಯಾಗುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಶೇ 20ರ ಎಥನಾಲ್ ಮಿಶ್ರಿತ ಪೆಟ್ರೋಲ್ ಹಳೆಯ ಗಾಡಿಗಳ ಕೆಲವು ರಬ್ಬರ್ ಭಾಗಗಳಿಗೆ ಒಗ್ಗದು. ಸರ್ವಿಸಿಗೆ ಬಿಟ್ಟಾಗ ಪೈಪು, ನೀಡಲುಗಳನ್ನೂ ನೋಡಲು ಹೇಳಬೇಕು.

ಬಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಪೆಟ್ರೋಲ್ ಬೆರೆತದ್ದಂತೂ ಬೇಗ ಬೆಂಕಿ ಹೊತ್ತಿಕೊಳ್ಳುತ್ತದೆ. ಚರಂಡಿಗೆ ಸುರಿಯದೆ, ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಬೇಕು.

ಪೆಟ್ರೋಲ್ ಬೆಲೆ ಒಂದು ರೂಪಾಯಿ ಏರಿದರೆ ನಾವು ದಿನವಿಡೀ ಚರ್ಚಿಸುತ್ತೇವೆ. ಅದೇ ಪೆಟ್ರೋಲ್ ರಾತ್ರಿಯಿಡೀ ಹನಿಹನಿಯಾಗಿ ಎಂಜಿನ್ನನ್ನು ತಿನ್ನುತ್ತಿರುವುದು ತಿಳಿಯುವುದೇ ಇಲ್ಲ. ಊಟ ತಲುಪಿಸುವ ಹುಡುಗನಿಗೆ, ಬೆಳಗಿನ ಜಾವ ಪತ್ರಿಕೆ ಹಾಕುವವನಿಗೆ ಬೈಕೇ ಅನ್ನ. ಅದು ವಾರ ಕಾಲ ಗ್ಯಾರೇಜಿನಲ್ಲಿ ನಿಂತರೆ ಅವರ ಮನೆಯ ಒಲೆಗೂ ಅದರ ಬಿಸಿ ತಟ್ಟುತ್ತದೆ. ಇಂದು ಸಂಜೆ ಬೈಕ್ ನಿಲ್ಲಿಸುವಾಗ ಒಮ್ಮೆ ಬಗ್ಗಿ ಪೆಟ್ರೋಲ್ ಕಾಕ್ ಮುಚ್ಚಿ. ನಾಳೆ ಬೆಳಿಗ್ಗೆ ಕಡ್ಡಿ ಎಳೆದು ಮೂಸಿ ನೋಡಿ. ಎರಡೂ ಸೇರಿ ಒಂದು ನಿಮಿಷದ ಕೆಲಸ.